ವೈದ್ಯರು ಹೆಚ್ಚಾದರೆ ಆಯುಷ್ಯ ಹೆಚ್ಚುವುದೇ?

ಯಮನೂರಿನ ಜಾತ್ರೆ ಮುಗಿದ ಮೂರನೆಯ ದಿನ. ಬೆಣ್ಣೆಹಳ್ಳದ ದಂಡೆಯ ಮಿಠಾಯಿ, ಬಳೆ, ಆಟಿಕೆಗಳ ಅಂಗಡಿಗಳನ್ನು ವ್ಯಾಪಾರಿಗಳು ಒಂದೊಂದಾಗಿ ಬಿಚ್ಚಿ ವಾಹನಗಳಿಗೆ ಹೇರುತ್ತಿದ್ದರು. ರಕ್ತದೊತ್ತಡ ಪರೀಕ್ಷೆಗೆಂದು ನನ್ನ ಚಿಕಿತ್ಸಾಲಯಕ್ಕೆ ಬಂದ ಹಿರಿಯ ರೈತರೊಬ್ಬರು, ತೋಳಿಗೆ ಸುತ್ತಿದ ಪಟ್ಟಿಯನ್ನು ನಾನು ಬಿಚ್ಚುವ ಮೊದಲೇ ಒಂದು ಪ್ರಶ್ನೆಯನ್ನು ಮುಂದಿಟ್ಟರು: “ಸಾಹೇಬ್ರ, ನಮ್ಮ ಕಡೆ ಹಳ್ಳಿಗೆ ನಾಕು ಮಂದಿ ದೊಡ್ಡ ಡಾಕ್ಟರು ಬಂದು ಕುಂತ್ರ ಮಂದೀ ಆಯುಷ್ಯ ಹೆಚ್ಚಾಗ್ತೈತೇನ್ರಿ?”

ಮೇಲ್ನೋಟಕ್ಕೆ ಇದು ಸರಳವಾದ ಪ್ರಶ್ನೆ. “ಹೌದು” ಎಂದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು, ವೈದ್ಯನಾದ ನನಗೂ ಒಂದಿಷ್ಟು ಗೌರವ ಸಲ್ಲುತ್ತಿತ್ತು. ಆದರೆ ನಾಲ್ಕು ದಶಕಗಳಿಂದ ಇದೇ ಎರೆನೆಲದ ಹಳ್ಳಿಗಳಲ್ಲಿ ವೈದ್ಯವೃತ್ತಿಯನ್ನು ಕಾಯಕವೆಂದು ನಡೆಸಿಕೊಂಡು ಬಂದ ನನಗೆ ಅಷ್ಟು ಸುಲಭವಾಗಿ ಹಾಗೆನ್ನಲು ಮನಸ್ಸು ಒಪ್ಪಲಿಲ್ಲ. “ಮುಂದಿನ ಸಲ ಬಂದಾಗ ಹೇಳುತ್ತೇನೆ” ಎಂದೆ. ಅವರಿಗೆ ಹೇಳಬೇಕೆಂದುಕೊಂಡದ್ದನ್ನೇ ಇಂದು ಶ್ರೀಮಠದ ಸದ್ಭಕ್ತರೆಲ್ಲರ ಮುಂದೆ ನಿವೇದಿಸಿಕೊಳ್ಳುತ್ತಿದ್ದೇನೆ.

ಸರಾಸರಿ ಆಯುಷ್ಯ ಎಂದರೇನು?

ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಷ್ಯ 32 ವರ್ಷಗಳ ಆಸುಪಾಸಿನಲ್ಲಿತ್ತು. ಇಂದು ಅದು 70ನ್ನು ಮುಟ್ಟಿದೆ. ಈ ಮಾತನ್ನು ಕೇಳಿದ ಅನೇಕರು “ಹಾಗಾದರೆ ನಮ್ಮ ಮುತ್ತಜ್ಜಂದಿರು ಮೂವತ್ತೆರಡಕ್ಕೇ ತೀರಿಕೊಳ್ಳುತ್ತಿದ್ದರೇ?” ಎಂದು ಅಚ್ಚರಿಪಡುತ್ತಾರೆ. ಹಾಗಲ್ಲ. ಎಂಬತ್ತು ದಾಟಿದ ಹಿರಿಯರು ಆಗಲೂ ಪ್ರತಿಯೊಂದು ಊರಿನಲ್ಲಿದ್ದರು. ಲೆಕ್ಕ ಕೆಳಗಿಳಿಯುತ್ತಿದ್ದುದು ತೊಟ್ಟಿಲಿನಲ್ಲಿ.

ಒಂದು ಮನೆತನದಲ್ಲಿ ಹತ್ತು ಮಕ್ಕಳು ಹುಟ್ಟಿದರೆನ್ನಿ. ನಾಲ್ವರು ಒಂದು ವರ್ಷದೊಳಗೆ ತೀರಿಕೊಂಡರು, ಉಳಿದ ಆರು ಜನ ತಲಾ 60 ವರ್ಷ ಬಾಳಿದರು. ಹತ್ತೂ ಜನರ ವಯಸ್ಸನ್ನು ಕೂಡಿಸಿ ಹತ್ತರಿಂದ ಭಾಗಿಸಿದರೆ ಸರಾಸರಿ 36ರ ಸಮೀಪಕ್ಕೆ ಬರುತ್ತದೆ. ಆ ಮನೆಯಲ್ಲಿ ಯಾರೊಬ್ಬರೂ 36ಕ್ಕೆ ಸತ್ತಿಲ್ಲ. ಅದೇ ನಾಲ್ಕು ಶಿಶುಗಳನ್ನು ಉಳಿಸಿಕೊಂಡರೆ, ಹಿರಿಯರ ಬಾಳಿಗೆ ಒಂದು ದಿನವನ್ನೂ ಸೇರಿಸದೆ ಸರಾಸರಿ 60ಕ್ಕೆ ಏರುತ್ತದೆ.

ಆದ್ದರಿಂದ ಒಂದು ನಾಡಿನ ಆಯುಷ್ಯ ಹೆಚ್ಚಿತೆಂದರೆ ಅಲ್ಲಿ ಮೊದಲು ಶಿಶುಗಳ, ಎಳೆಯ ಮಕ್ಕಳ, ಬಾಣಂತಿಯರ ಸಾವು ಕಡಿಮೆಯಾಯಿತೆಂದು ತಿಳಿಯಬೇಕು. ಮುಪ್ಪಿನ ಕಾಯಿಲೆಗಳನ್ನು ಹಿಮ್ಮೆಟ್ಟಿಸಿ ಗಳಿಸುವ ವರ್ಷಗಳು ಆಮೇಲಿನವು. ಈ ಮೊದಲ ಗಳಿಕೆಯನ್ನು ನಮಗೆ ತಂದುಕೊಟ್ಟವರು ಯಾರು? ವೈದ್ಯರೇ? ಅಥವಾ ಬೇರೆ ಯಾರಾದರೂ ಇದ್ದಾರೆಯೇ?

ದೇಶದೇಶಗಳ ಲೆಕ್ಕ

ಮೊದಲು ಹೊರಗಿನ ಜಗತ್ತನ್ನು ನೋಡೋಣ. ಆಫ್ರಿಕಾ ಖಂಡದ ನೈಜರ್, ಮಲಾವಿಗಳಂಥ ದೇಶಗಳಲ್ಲಿ ಹತ್ತು ಸಾವಿರ ಜನರಿಗೆ ಒಬ್ಬ ವೈದ್ಯನೂ ಇಲ್ಲದ ಸ್ಥಿತಿ ಬಹುಕಾಲದಿಂದ ಇದೆ. ಅಲ್ಲಿನ ಸರಾಸರಿ ಆಯುಷ್ಯ 60 ವರ್ಷಗಳ ಆಚೀಚೆ. ವೈದ್ಯರ ತೀವ್ರ ಅಭಾವವಿರುವಲ್ಲಿ ಜನ ಬೇಗ ಸಾಯುತ್ತಾರೆಂಬುದು ಇದರಿಂದ ಸ್ಪಷ್ಟ. ಅಂಥ ನಾಡಿಗೆ ಒಬ್ಬ ವೈದ್ಯ ಹೆಚ್ಚಾದರೂ ಅದರಿಂದಾಗುವ ಉಪಕಾರ ದೊಡ್ಡದು.

ಆದರೆ ಮೆಟ್ಟಿಲು ಏರುತ್ತ ಹೋದಂತೆ ಲೆಕ್ಕ ಸೋಜಿಗವಾಗುತ್ತದೆ. ಕ್ಯೂಬಾ ದೇಶದಲ್ಲಿ ಸಾವಿರ ಜನರಿಗೆ ಸುಮಾರು ಎಂಟು ವೈದ್ಯರು. ಜಗತ್ತಿನಲ್ಲಿ ಇಷ್ಟು ದಟ್ಟವಾಗಿ ವೈದ್ಯರಿರುವ ದೇಶಗಳು ವಿರಳ. ಅಲ್ಲಿನ ಆಯುಷ್ಯ 78ರ ಆಸುಪಾಸು. ಜಪಾನಿನಲ್ಲಿ ಸಾವಿರ ಜನರಿಗೆ ಎರಡೂವರೆ ವೈದ್ಯರಷ್ಟೇ, ಎಂದರೆ ಕ್ಯೂಬಾದ ಮೂರನೆಯ ಒಂದು ಪಾಲು. ಆದರೂ ಜಪಾನೀಯರು ಸರಾಸರಿ 84 ವರ್ಷ ಬಾಳುತ್ತಾರೆ. ಅಮೆರಿಕದಲ್ಲಿ ವೈದ್ಯರ ಪ್ರಮಾಣ ಹೆಚ್ಚುಕಡಿಮೆ ಜಪಾನಿನಷ್ಟೇ ಇದೆ, ಆರೋಗ್ಯಕ್ಕೆ ಅವರು ಸುರಿಯುವ ಹಣ ಜಪಾನಿಗಿಂತ ಬಹಳ ಹೆಚ್ಚು. ಆದರೂ ಆಯುಷ್ಯದಲ್ಲಿ ಅವರು ಜಪಾನೀಯರಿಗಿಂತ ಐದಾರು ವರ್ಷ ಹಿಂದಿದ್ದಾರೆ.

ರಷ್ಯಾದ ಕಥೆ ಇನ್ನೂ ಕಠಿಣವಾದದ್ದು. ಸೋವಿಯತ್ ಒಕ್ಕೂಟ ಒಡೆದ ಮೇಲೂ ಅಲ್ಲಿ ಸಾವಿರ ಜನರಿಗೆ ನಾಲ್ಕು ವೈದ್ಯರಿದ್ದರು. ಆದರೆ 1994ರ ಹೊತ್ತಿಗೆ ಗಂಡಸರ ಸರಾಸರಿ ಆಯುಷ್ಯ 58ಕ್ಕಿಂತ ಕೆಳಗಿಳಿಯಿತು. ಕೆಲಸ ಹೋಯಿತು, ನೆಮ್ಮದಿ ಹೋಯಿತು, ಮದ್ಯಪಾನ ಮಿತಿಮೀರಿತು. ಊರ ತುಂಬ ವೈದ್ಯರಿದ್ದರೂ ಆ ಸಾವುಗಳನ್ನು ತಡೆಯಲಾಗಲಿಲ್ಲ.

ನಮ್ಮ ನೆರೆಹೊರೆಯನ್ನು ನೋಡಿ. ಶ್ರೀಲಂಕಾದಲ್ಲಿ ಸಾವಿರ ಜನರಿಗೆ ಒಬ್ಬರಿಗಿಂತ ತುಸು ಹೆಚ್ಚು ವೈದ್ಯರು. ಆಯುಷ್ಯ 75ನ್ನು ದಾಟಿದೆ. ಬಾಂಗ್ಲಾದೇಶದಲ್ಲಿ ವೈದ್ಯರ ಪ್ರಮಾಣ ನಮ್ಮಲ್ಲಿಗಿಂತ ಹೆಚ್ಚಿಲ್ಲ, ಸಂಪತ್ತೂ ಹೆಚ್ಚಿಲ್ಲ. ಆದರೂ ಅಲ್ಲಿಯ ಜನ ಸರಾಸರಿಯಲ್ಲಿ ನಮಗಿಂತ ಒಂದೆರಡು ವರ್ಷ ಹೆಚ್ಚು ಬಾಳುತ್ತಿದ್ದಾರೆ.

ಬ್ರಿಟನ್ನಿನ ಆರ್ಚಿ ಕಾಕ್ರೇನ್ ಎಂಬ ಪ್ರಸಿದ್ಧ ವೈದ್ಯವಿಜ್ಞಾನಿ ಮತ್ತು ಅವರ ಸಂಗಡಿಗರು 1978ರಲ್ಲಿ 18 ಮುಂದುವರಿದ ದೇಶಗಳ ಲೆಕ್ಕ ತೆಗೆದಾಗ, ವೈದ್ಯರು ಹೆಚ್ಚಿದ್ದ ದೇಶಗಳಲ್ಲೇ ಶಿಶುಮರಣ ಹೆಚ್ಚಾಗಿ ಕಂಡಿತು. ವೈದ್ಯರಿಂದ ಶಿಶುಗಳು ಸತ್ತವೆಂದು ಅವರು ಹೇಳಲಿಲ್ಲ. ಆ ಫಲಿತಾಂಶ ಅವರನ್ನೇ ತಬ್ಬಿಬ್ಬುಗೊಳಿಸಿತು. ವೈದ್ಯರ ತಲೆಯೆಣಿಕೆಯೊಂದನ್ನೇ ಹಿಡಿದುಕೊಂಡು ಒಂದು ನಾಡಿನ ಆರೋಗ್ಯವನ್ನು ಅಳೆಯಲಾಗದೆಂಬ ಎಚ್ಚರವನ್ನು ಅದು ನಮಗೆ ಕೊಟ್ಟಿತು.

ನಮ್ಮ ಜಾತ್ರೆಯದೇ ದೃಷ್ಟಾಂತ ಕೊಡುತ್ತೇನೆ. ಜನ ಹೆಚ್ಚು ಸೇರಿದ ವರ್ಷ ಮಿಠಾಯಿ ಅಂಗಡಿಗಳೂ ಹೆಚ್ಚಿರುತ್ತವೆ. ಹಾಗೆಂದು ಅಂಗಡಿಗಳಿಂದಲೇ ಜಾತ್ರೆ ಸೇರಿತೆನ್ನಲಾಗದು. ಮಳೆಬೆಳೆ ಚೆನ್ನಾಗಿ ಆದ ವರ್ಷ ಜನವೂ ಬರುತ್ತಾರೆ, ಅಂಗಡಿಯೂ ಬರುತ್ತದೆ. ಹಾಗೆಯೇ ಸಿರಿಯಿರುವ, ಶಿಕ್ಷಣವಿರುವ, ಶುದ್ಧ ನೀರಿರುವ ದೇಶಕ್ಕೆ ವೈದ್ಯರೂ ಬರುತ್ತಾರೆ, ಆಯುಷ್ಯವೂ ಬರುತ್ತದೆ. ಎರಡೂ ಜೊತೆಯಾಗಿ ಕಾಣಿಸುವುದರಿಂದ ಒಂದೇ ಇನ್ನೊಂದಕ್ಕೆ ಕಾರಣವೆಂದು ನಾವು ಭ್ರಮಿಸುತ್ತೇವೆ.

ಇನ್ನೊಂದು ಸೂಕ್ಷ್ಮವಿದೆ. ವೈದ್ಯರೆಲ್ಲರ ಪಾಲು ಸಮನಾಗಿಲ್ಲ. ಅಮೆರಿಕದಲ್ಲಿ 2005ರಿಂದ 2015ರವರೆಗಿನ ಅಂಕಿಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಲಕ್ಷ ಜನಸಂಖ್ಯೆಗೆ ಹತ್ತು ಜನ ಪ್ರಾಥಮಿಕ ಚಿಕಿತ್ಸೆಯ ವೈದ್ಯರು ಹೆಚ್ಚಿದ್ದಲ್ಲಿ ಸರಾಸರಿ ಆಯುಷ್ಯ 51.5 ದಿನ ಹೆಚ್ಚು ಕಂಡುಬಂದಿತು. ಅಷ್ಟೇ ಸಂಖ್ಯೆಯ ವಿಶೇಷ ತಜ್ಞರು ಹೆಚ್ಚಿದ್ದಲ್ಲಿ ಕಂಡ ಹೆಚ್ಚಳ 19.2 ದಿನ. ಮನೆತನದ ಹಿನ್ನೆಲೆ ಬಲ್ಲ, ಜ್ವರ ಬಂದ ದಿನವೇ ಸಿಗುವ ಸಾಮಾನ್ಯ ವೈದ್ಯನು ದೂರದ ನಗರದ ತಜ್ಞನಿಗಿಂತ ಹೆಚ್ಚು ಜನರನ್ನು ಕಾಪಾಡಬಲ್ಲನೆಂಬ ನಮ್ಮ ಹಿರಿಯರ ತಿಳಿವಳಿಕೆಗೆ ಈ ಲೆಕ್ಕ ಹೊಂದಿಕೊಳ್ಳುತ್ತದೆ.

ಕೇರಳ ಮತ್ತು ನಾವು

ದೂರದ ದೇಶಗಳೇಕೆ? ನಮ್ಮ ರಾಜ್ಯದ ಗಡಿಯಾಚೆಗೇ ನೋಡೋಣ. ಕರ್ನಾಟಕದಲ್ಲಿ ನೋಂದಾಯಿತರಾದ ಆಧುನಿಕ ವೈದ್ಯರು 1 ಲಕ್ಷ 20 ಸಾವಿರಕ್ಕೂ ಹೆಚ್ಚು. ಕೇರಳದಲ್ಲಿ 60 ಸಾವಿರಕ್ಕೂ ಹೆಚ್ಚು. 2011ರ ಜನಗಣತಿಯಂತೆ ನಮ್ಮ ಜನಸಂಖ್ಯೆ 6 ಕೋಟಿ 11 ಲಕ್ಷ, ಅವರದು 3 ಕೋಟಿ 34 ಲಕ್ಷ. ಭಾಗಿಸಿ ನೋಡಿದರೆ ಎರಡೂ ಕಡೆ ಸುಮಾರು ಐದುನೂರು, ಐದುನೂರೈವತ್ತು ಜನರಿಗೆ ಒಬ್ಬ ನೋಂದಾಯಿತ ವೈದ್ಯ. ವೈದ್ಯಕೀಯ ಕಾಲೇಜುಗಳ ಸಂಖ್ಯೆಯಲ್ಲಂತೂ ನಮ್ಮದು ದೇಶದ ಮುಂಚೂಣಿಯ ರಾಜ್ಯ.

ಆದರೆ ಕೇರಳದ ಸರಾಸರಿ ಆಯುಷ್ಯ 75, ನಮ್ಮದು 70ರ ಆಸುಪಾಸು. 2020ರ ಅಂಕಿಗಳಂತೆ ಅಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷದೊಳಗೆ ಸಾಯುವವು 6, ನಮ್ಮಲ್ಲಿ 19. ವೈದ್ಯರ ಸಂಖ್ಯೆ ಒಂದೇ ಇದ್ದರೂ ಆಯುಷ್ಯದಲ್ಲಿ ಐದು ವರ್ಷಗಳ ಅಂತರ ಹೇಗೆ ಬಂತು?

ಒಂದು ಕಾರಣ ಎಲ್ಲರಿಗೂ ತಿಳಿದದ್ದೇ. ನಮ್ಮ ವೈದ್ಯರ ದೊಡ್ಡ ಪಾಲು ಬೆಂಗಳೂರು ಮತ್ತಿತರ ನಗರಗಳಲ್ಲಿ ನೆಲೆಸಿದೆ. ಪಟ್ಟಿಯಲ್ಲಿ ಹೆಸರಿರುವ ಎಷ್ಟೋ ಜನ ಬೇರೆ ರಾಜ್ಯದಲ್ಲೋ ವಿದೇಶದಲ್ಲೋ ಇದ್ದಾರೆ. ವೈದ್ಯರು ಹಳ್ಳಿಗೆ ಬರಲೆಂದೇ ನಮ್ಮ ರಾಜ್ಯ 2012ರಲ್ಲಿ ಕಡ್ಡಾಯ ಗ್ರಾಮೀಣ ಸೇವೆಯ ಕಾಯಿದೆಯನ್ನು ಮಾಡಬೇಕಾಯಿತು. ಎರಡನೆಯ ಕಾರಣ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. 2011ರಲ್ಲಿ ಕೇರಳದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 92 ಜನ ಅಕ್ಷರಸ್ಥರಾಗಿದ್ದರೆ ನಮ್ಮಲ್ಲಿ 68 ಜನ. ಓದಿದ ತಾಯಿ ನೀರು ಕಾಯಿಸುತ್ತಾಳೆ, ಲಸಿಕೆಯ ದಿನವನ್ನು ನೆನಪಿಡುತ್ತಾಳೆ, ಮಗು ಎದೆಹಾಲು ಬಿಟ್ಟ ಸಂಜೆಯೇ ಆಸ್ಪತ್ರೆಗೆ ಹೊರಡುತ್ತಾಳೆ, ವೈದ್ಯರನ್ನು ಪ್ರಶ್ನಿಸಲು ಅಂಜುವುದಿಲ್ಲ. ಮೂರನೆಯದಾಗಿ, ಕೇರಳದ ದಾದಿಯರು ಜಗತ್ತಿನಾದ್ಯಂತ ಹೆಸರಾಗುವಷ್ಟು ದಾದಿಯರ ಶಿಕ್ಷಣ ಅಲ್ಲಿ ಬೆಳೆದಿದೆ.

ಚರಕರು ಹೇಳಿದ ನಾಲ್ಕು ಪಾದಗಳು

ಇದನ್ನೆಲ್ಲ ಓದುವಾಗ ನಾನು ವಿದ್ಯಾರ್ಥಿಯಾಗಿದ್ದಾಗ ಕಲಿತ ಪಾಠವೊಂದು ನೆನಪಾಗುತ್ತದೆ. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪ್ರತಿಯೊಂದಕ್ಕೂ ನಾಲ್ಕು ಗುಣಗಳು, ಒಟ್ಟು ಹದಿನಾರು. ಔಷಧದ ಗುಣಗಳಲ್ಲಿ ಮೊದಲು ಹೇಳಿರುವುದು ಅದು ಸಾಕಷ್ಟು ದೊರೆಯುವಂತಿರಬೇಕೆಂಬುದು. ಪರಿಚಾರಕನಿಗೆ ಶುಶ್ರೂಷೆಯ ತಿಳಿವು, ಚುರುಕು, ರೋಗಿಯ ಮೇಲೆ ಅಕ್ಕರೆ ಮತ್ತು ಶುಚಿತ್ವ ಇರಬೇಕು. ರೋಗಿಯೂ ಸುಮ್ಮನೆ ಮಲಗಿರುವವನಲ್ಲ. ಆತ ತನ್ನ ಕಾಯಿಲೆಯನ್ನು ಸರಿಯಾಗಿ ತಿಳಿಸಬೇಕು, ಹೇಳಿದಂತೆ ನಡೆಯಬೇಕು, ಧೈರ್ಯದಿಂದಿರಬೇಕು.

ನಾಲ್ಕು ಪಾದಗಳಲ್ಲಿ ವೈದ್ಯನೇ ಮುಖ್ಯನೆಂದು ಚರಕರು ಹೇಳುತ್ತಾರೆ, ನಿಜ. ಆದರೆ ಅದಕ್ಕೆ ಅವರು ಕೊಡುವ ಹೋಲಿಕೆಯನ್ನು ಗಮನಿಸಬೇಕು. ಅಡುಗೆಯಲ್ಲಿ ಪಾತ್ರೆ, ಕಟ್ಟಿಗೆ, ಬೆಂಕಿಗಳ ನಡುವೆ ಅಡುಗೆಯವನು ಹೇಗೋ ಹಾಗೆ ಚಿಕಿತ್ಸೆಯಲ್ಲಿ ವೈದ್ಯ. ಅಡುಗೆಯವನೇ ಮುಖ್ಯ, ಆದರೆ ಒಲೆಯಲ್ಲಿ ಬೆಂಕಿಯಿಲ್ಲದ ಮನೆಗೆ ಹತ್ತು ಜನ ಅಡುಗೆಯವರನ್ನು ಕಳುಹಿಸಿದರೂ ಅನ್ನ ಬೇಯುವುದಿಲ್ಲ. ನಾವು ದೇಶದೇಶಗಳ ವೈದ್ಯರನ್ನು ಎಣಿಸುವಾಗ ಅಡುಗೆಯವರನ್ನು ಮಾತ್ರ ಎಣಿಸುತ್ತಿದ್ದೇವೆ.

ಎರಡು ರಾತ್ರಿಗಳು

ಈ ಪಾಠವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅರ್ಥವಾದದ್ದು ಬಹಳ ತಡವಾಗಿ.

1990ರ ದಶಕದ ಆರಂಭದ ಒಂದು ಶ್ರಾವಣದ ರಾತ್ರಿ. ಸಮೀಪದ ಹಳ್ಳಿಯಲ್ಲಿ ತವರಿಗೆ ಬಂದಿದ್ದ ಹೆಣ್ಣುಮಗಳೊಬ್ಬಳಿಗೆ ಸೂಲಗಿತ್ತಿಯ ಕೈಯಲ್ಲಿ ಎರಡನೆಯ ಹೆರಿಗೆಯಾಯಿತು. ಮಗು ಅತ್ತಿತು, ಮಾಸವೂ ಬಿದ್ದಿತು, ಆದರೆ ರಕ್ತ ನಿಲ್ಲಲಿಲ್ಲ. ನನ್ನನ್ನು ಕರೆದೊಯ್ದರು. ಗರ್ಭಕೋಶವನ್ನು ಹೊರಗಿನಿಂದ ತಿಕ್ಕಿದೆ, ನನ್ನ ಚೀಲದಲ್ಲಿದ್ದ ಔಷಧಗಳನ್ನು ಕೊಟ್ಟೆ. ರಕ್ತ ಕಡಿಮೆಯಾದಂತೆ ಕಂಡಿತು. ನಿಂತೀತು, ಇನ್ನೇನು ನಿಂತೀತು ಎಂದು ಒಂದು ತಾಸು ಕಾದೆ. ನಿಲ್ಲಲಿಲ್ಲ. ಕೊನೆಗೆ ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ, ತಾಡಪತ್ರಿ ಹೊದಿಸಿ ಪಟ್ಟಣದ ಕಡೆಗೆ ಹೊರಟೆವು. ಅಷ್ಟರಲ್ಲಿ ಹಳ್ಳ ಬಂದಿತ್ತು. ದಂಡೆಯ ಮೇಲೆ ನೀರು ಇಳಿಯುವುದನ್ನು ಕಾಯುತ್ತ ಕುಳಿತೆವು. ಬೆಳಗಿನ ಜಾವಕ್ಕೆ ಮೊದಲೇ ಆಕೆಯ ಜೀವ ಹೋಯಿತು.

“ಹಳ್ಳ ಬಂದಿತ್ತು, ನೀವೇನು ಮಾಡ್ತೀರಿ” ಎಂದು ಆ ಮನೆಯವರೇ ನನಗೆ ಸಮಾಧಾನ ಹೇಳಿದರು. ಹಳ್ಳ ಬಂದದ್ದು ನಿಜ. ಆದರೆ ಹಳ್ಳ ಬರುವ ಮೊದಲಿನ ಆ ಒಂದು ತಾಸು ನನ್ನದು. ನನ್ನ ಕೈಮೀರಿದ್ದನ್ನು ತಕ್ಷಣ ಕಳುಹಿಸಿಬಿಡಬೇಕೆಂಬ ತಿಳಿವು ಅಂದು ನನಗಿರಲಿಲ್ಲ; ಇದ್ದರೂ ವೈದ್ಯನೆಂಬ ಅಭಿಮಾನ ಅದನ್ನು ಮುಚ್ಚಿತ್ತು. ಆ ರಾತ್ರಿ ಆ ಮನೆಗೆ ವೈದ್ಯ ದೊರೆತಿದ್ದ. ಲೆಕ್ಕದ ಪ್ರಕಾರ ಕೊರತೆಯೇನೂ ಇರಲಿಲ್ಲ.

ಸುಮಾರು ಇಪ್ಪತ್ತೆರಡು ವರ್ಷಗಳ ನಂತರ ಅದೇ ಹಳ್ಳಿಯಲ್ಲಿ, ಅಂಥದೇ ಮಳೆಗಾಲದಲ್ಲಿ, ಇನ್ನೊಬ್ಬ ಹೆಣ್ಣುಮಗಳಿಗೆ ಹಾಗೆಯೇ ಆಯಿತು. ಆದರೆ ಐದನೆಯ ತಿಂಗಳಿನಲ್ಲೇ ಆಶಾ ಕಾರ್ಯಕರ್ತೆ ಆಕೆಯ ರಕ್ತ ಪರೀಕ್ಷೆ ಮಾಡಿಸಿ, ರಕ್ತ ಕಡಿಮೆಯಿರುವುದನ್ನು ತಾಯಿ ಕಾರ್ಡಿನಲ್ಲಿ ಬರೆಸಿದ್ದಳು. ಕಬ್ಬಿಣಾಂಶದ ಮಾತ್ರೆ ನುಂಗಿದಳೋ ಇಲ್ಲವೋ ಎಂದು ವಾರವಾರ ಮನೆಗೆ ಬಂದು ಕೇಳಿದ್ದಳು. ನೋವು ಕಾಣಿಸಿಕೊಂಡೊಡನೆ 108ಕ್ಕೆ ಕರೆ ಹೋಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಕ್ಷಣವೇ ದಾದಿ ಚುಚ್ಚುಮದ್ದು ಕೊಟ್ಟಳು. ಆದರೂ ರಕ್ತ ಹೋದಾಗ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು; ಅಲ್ಲಿ ರಕ್ತ ಕೊಟ್ಟರು, ತಾಯಿ ಉಳಿದಳು. ನನ್ನನ್ನು ಯಾರೂ ಕರೆಯಲಿಲ್ಲ. ನನಗೆ ಸುದ್ದಿ ತಿಳಿದದ್ದೇ ಮರುದಿನ ಮಧ್ಯಾಹ್ನ. ನನ್ನ ವೃತ್ತಿಜೀವನದಲ್ಲಿ ಅಷ್ಟು ಸಂತೋಷ ಕೊಟ್ಟ ಸುದ್ದಿಗಳು ಕೆಲವೇ.

ಆ ಹಳ್ಳಿಯಲ್ಲಿ ಮನೆ ಮಾಡಿಕೊಂಡು ನೆಲೆಸಿದ ವೈದ್ಯರ ಸಂಖ್ಯೆ ಅಂದೂ ಸೊನ್ನೆ, ಇಂದೂ ಸೊನ್ನೆ. ಬದಲಾದದ್ದು ಉಳಿದ ಮೂರು ಪಾದಗಳು ಮತ್ತು ರಸ್ತೆ.

ಇಡೀ ರಾಜ್ಯದ ಅಂಕಿಗಳೂ ಇದನ್ನೇ ಹೇಳುತ್ತವೆ. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಈ ನಡುವೆ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಗಿ ಹಳ್ಳಿಹಳ್ಳಿಗೂ ಆಶಾ ಕಾರ್ಯಕರ್ತೆಯರು ಬಂದರು. 2008ರಲ್ಲಿ ನಮ್ಮ ರಾಜ್ಯಕ್ಕೆ 108ರ ಆಂಬ್ಯುಲೆನ್ಸ್ ಬಂದಿತು. 2005–06ರಲ್ಲಿ ನೂರಕ್ಕೆ 65ರಷ್ಟಿದ್ದ ಆಸ್ಪತ್ರೆ ಹೆರಿಗೆ ಈಗ 97ಕ್ಕೇರಿದೆ. 2018–20ರಲ್ಲಿ ಕೇರಳದಲ್ಲಿ ಸಾಯುತ್ತಿದ್ದ ತಾಯಂದಿರು ಲಕ್ಷಕ್ಕೆ 19. ನಾವು ನಡೆಯಬೇಕಾದ ದಾರಿ ಇನ್ನೂ ಇದೆ.

ಇದರಿಂದ ವೈದ್ಯರು ಬೇಡವೆಂದು ಯಾರೂ ಅರ್ಥೈಸಬಾರದು. ಆ ಎರಡನೆಯ ತಾಯಿಗೆ ಕೊನೆಯಲ್ಲಿ ರಕ್ತ ಏರಿಸಿ ಕಾಪಾಡಿದವರು ವೈದ್ಯರೇ. ಆದರೆ ಆ ವೈದ್ಯರ ಕೈಗೆ ಆಕೆ ಜೀವಂತವಾಗಿ ತಲುಪಿದ್ದು ಆಶಾ, ದಾದಿ, ಆಂಬ್ಯುಲೆನ್ಸಿನ ಚಾಲಕ ಮತ್ತು ತಡಮಾಡದೆ ಕರೆ ಮಾಡಿದ ಆಕೆಯ ಅತ್ತೆಯಿಂದ.

ವೈದ್ಯ ಬರುವ ಮೊದಲು

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋಧ್ವಂಸವೆಂಬ ಅಧ್ಯಾಯವಿದೆ. ಬೇರೆ ಬೇರೆ ಪ್ರಕೃತಿಯ, ಬೇರೆ ಬೇರೆ ಆಹಾರದ ಜನರೆಲ್ಲ ಒಂದೇ ಕಾಲಕ್ಕೆ ಒಂದೇ ರೋಗದಿಂದ ಏಕೆ ಸಾಯುತ್ತಾರೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ: ಎಲ್ಲರಿಗೂ ಸಮಾನವಾದ ಗಾಳಿ, ನೀರು, ನೆಲ, ಕಾಲಗಳು ಕೆಟ್ಟಾಗ. ಆಗ ಒಬ್ಬೊಬ್ಬರಿಗೆ ಕೊಡುವ ಮದ್ದಿನಿಂದ ಊರು ಉಳಿಯುವುದಿಲ್ಲ.

ನಮ್ಮ ಜಿಲ್ಲೆ ಇದನ್ನು ಕಣ್ಣಾರೆ ಕಂಡಿದೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿತು. ಮುಂಬಯಿಯಲ್ಲಿ ಹಿಂದಿನ ವರ್ಷವಷ್ಟೇ ಹಾಫ್‌ಕಿನ್ ಎಂಬ ವಿಜ್ಞಾನಿ ಸಿದ್ಧಪಡಿಸಿದ್ದ ಲಸಿಕೆಯನ್ನು, ಬೆರಳೆಣಿಕೆಯ ವೈದ್ಯರು ಕೆಲವೇ ತಿಂಗಳುಗಳಲ್ಲಿ ಹುಬ್ಬಳ್ಳಿಯ ಹತ್ತಾರು ಸಾವಿರ ಜನರಿಗೆ ಹಾಕಿದರು. ಪ್ಲೇಗು ಹತ್ತಿದ ಮೇಲೆ ವಾಸಿ ಮಾಡುವ ಮದ್ದು ಆಗ ಯಾವ ವೈದ್ಯನ ಬಳಿಯೂ ಇರಲಿಲ್ಲ. ರೋಗ ಬರುವ ಮೊದಲೇ ಕಟ್ಟಿದ ಒಡ್ಡು ಅನೇಕರನ್ನು ಕಾಪಾಡಿತು.

ನೀರಿನ ಮಾತಿಗೆ ಬಂದರೆ 1971ರ ಒಂದು ಪ್ರಸಂಗವನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು. ಬಾಂಗ್ಲಾ ವಿಮೋಚನೆಯ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋಯಿತು, ವೈದ್ಯರು ಸಾಲಲಿಲ್ಲ. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಮತ್ತು ಸಕ್ಕರೆಯ ಅಂಶ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಬಂಧುಗಳೇ ಪರಿಚಾರಕರಾದರು. ಮುಂದೆ 1980ರಿಂದ 1990ರವರೆಗೆ ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಒಂದು ಕೋಟಿಗೂ ಅಧಿಕ ಮನೆಗಳಿಗೆ ಹೋಗಿ, ಚಿಟಿಕೆ ಉಪ್ಪು ಮತ್ತು ಹಿಡಿ ಬೆಲ್ಲದಿಂದ ಈ ನೀರನ್ನು ಮಾಡುವುದನ್ನು ತಾಯಂದಿರಿಗೆ ಕಲಿಸಿದರು. ನಮಗಿಂತ ಹೆಚ್ಚು ವೈದ್ಯರಿಲ್ಲದ ಆ ದೇಶ ಆಯುಷ್ಯದಲ್ಲಿ ನಮ್ಮನ್ನು ಹಿಂದೆ ಹಾಕಿದ ಗುಟ್ಟುಗಳಲ್ಲಿ ಇದೂ ಒಂದು.

ಕುಡಿಯುವ ನೀರಿಗಾಗಿ ದಶಕಗಳಿಂದ ಹೋರಾಡುತ್ತ ಬಂದಿರುವ ನವಲಗುಂದ ತಾಲ್ಲೂಕಿನ ನಮಗೆ ನೀರಿನ ಬೆಲೆಯನ್ನು ಯಾರೂ ಕಲಿಸಬೇಕಿಲ್ಲ. ಕೊಳವೆಬಾವಿಯ ಸವುಳು ನೀರು, ಬೇಸಿಗೆಯಲ್ಲಿ ತಳ ಕಾಣುವ ಕೆರೆ, ಮಲಪ್ರಭೆಯ ಕಾಲುವೆಯ ದಾರಿ ಕಾಯುವುದು ನಮ್ಮ ನಿತ್ಯದ ಬದುಕು. ಊರಿಗೆ ಬರುವ ಶುದ್ಧ ನೀರಿನ ನಳವೊಂದು ನನ್ನಂಥ ವೈದ್ಯನಿಗಿಂತ ಹೆಚ್ಚು ಮಕ್ಕಳನ್ನು ಉಳಿಸುತ್ತದೆಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ನನ್ನ ಎಣಿಕೆಯ ಬಗ್ಗೆ ಒಂದು ಮಾತು

ದೇಶದಲ್ಲಿ 834 ಜನರಿಗೆ ಒಬ್ಬ ವೈದ್ಯನಿದ್ದಾನೆಂದು ಕೇಂದ್ರ ಸರ್ಕಾರ 2022ರಲ್ಲಿ ಸಂಸತ್ತಿಗೆ ತಿಳಿಸಿತು. ಸಾವಿರಕ್ಕೊಬ್ಬ ವೈದ್ಯನೆಂಬ ಮಾನದಂಡವನ್ನು ದಾಟಿದೆವೆಂದು ಸಂತೋಷಪಟ್ಟವರಿದ್ದಾರೆ. ಆ ಲೆಕ್ಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಆಯುಷ್ ವೈದ್ಯರೂ ಸೇರಿದ್ದಾರೆ. ಅವರಲ್ಲಿ ನಾನೂ ಒಬ್ಬ. ಎಣಿಸಿದ್ದಕ್ಕೆ ಸಂತೋಷವೇ. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ, ನನ್ನನ್ನು ಎಣಿಸಿದ ಮಾತ್ರಕ್ಕೆ ಹೆರಿಗೆಯ ಶಸ್ತ್ರಚಿಕಿತ್ಸೆ ಮಾಡುವವರು ಹೆಚ್ಚಾಗುವುದಿಲ್ಲ. ಆಹಾರ, ನಿದ್ರೆ, ದಿನಚರಿ, ಋತುಚರ್ಯೆಗಳನ್ನು ತಿದ್ದುವುದರಲ್ಲಿ, ಬಹುದಿನದ ಬೇನೆಗಳಲ್ಲಿ, ರೋಗವನ್ನು ಬೇಗ ಗುರುತಿಸಿ ಸರಿಯಾದ ಸ್ಥಳಕ್ಕೆ ಕಳುಹಿಸುವುದರಲ್ಲಿ ನನ್ನ ಉಪಯೋಗವಿದೆ. ಆ ಶ್ರಾವಣದ ರಾತ್ರಿಯ ನಂತರ ಕಳುಹಿಸುವುದನ್ನು ನಾನು ಚಿಕಿತ್ಸೆಯ ಭಾಗವೆಂದೇ ಎಣಿಸಿದ್ದೇನೆ.

ಸದ್ಭಕ್ತರು ಗಮನಿಸಬೇಕಾದ ಅಂಶಗಳು

1. ಮನೆಯಲ್ಲಿ ಬಸುರಿಯಿದ್ದರೆ ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿ, ರಕ್ತ ಪರೀಕ್ಷೆ ಮಾಡಿಸಿರಿ. ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಕಬ್ಬಿಣಾಂಶದ ಮಾತ್ರೆಯನ್ನು ತಪ್ಪಿಸಬಾರದು. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ.

2. ಮಕ್ಕಳ ಲಸಿಕೆಯ ಕಾರ್ಡನ್ನು ಹೊಲದ ಉತಾರದಷ್ಟೇ ಜೋಪಾನವಾಗಿಟ್ಟು, ದಿನ ತಪ್ಪದಂತೆ ಹಾಕಿಸಿರಿ.

3. ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಪುಡಿಯ ನೀರನ್ನು ಕುಡಿಸಿರಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿರಿ, ಚಮಚ ಚಹದ್ದಾಗಿರಲಿ. ಎದೆಹಾಲನ್ನು ನಿಲ್ಲಿಸಬಾರದು. ಮಗು ಮಂಕಾದರೆ, ಕುಡಿಯಲೊಲ್ಲದಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

4. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗವನ್ನು ಅಲ್ಲಾಡಿಸದೆ, ವಿಷನಿರೋಧಕ ಚುಚ್ಚುಮದ್ದಿರುವ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ. ನಮ್ಮ ಬಳಿಗೂ ತರುವುದು ಬೇಡ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

5. ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆಯ ಅಂಶವನ್ನು ಪರೀಕ್ಷಿಸಿಕೊಳ್ಳಿರಿ. ತಂಬಾಕು ಮತ್ತು ಮದ್ಯವನ್ನು ಬಿಟ್ಟವನು ಯಾವ ವೈದ್ಯನೂ ಕೊಡಲಾರದ ವರ್ಷಗಳನ್ನು ತಾನೇ ಗಳಿಸಿಕೊಳ್ಳುತ್ತಾನೆ.

6. ಹೆಣ್ಣುಮಕ್ಕಳ ಓದನ್ನು ಅರ್ಧಕ್ಕೆ ನಿಲ್ಲಿಸಬೇಡಿರಿ. ಬಾಲ್ಯವಿವಾಹ ಬೇಡವೇ ಬೇಡ.

7. ಗ್ರಾಮಸಭೆಯಲ್ಲಿ ವೈದ್ಯರನ್ನು ಕೇಳುವಾಗ ಅವರ ಜೊತೆಗೆ ದಾದಿ, ಔಷಧ, ಶುದ್ಧ ನೀರು ಮತ್ತು ಮಳೆಗಾಲದಲ್ಲೂ ದಾಟಬಹುದಾದ ಸೇತುವೆಯನ್ನು ಕೇಳಿರಿ.

ಬಂಡಿಯ ಅಚ್ಚು

ಮರುತಿಂಗಳು ಆ ಹಿರಿಯರು ಮತ್ತೆ ಬಂದರು. ಚರಕರು ಆಯುಷ್ಯಕ್ಕೆ ಕೊಟ್ಟ ಬಂಡಿಯ ಹೋಲಿಕೆಯನ್ನೇ ಅವರಿಗೆ ಹೇಳಿದೆ. ಒಂದೇ ಮರದಿಂದ ಮಾಡಿದ ಎರಡು ಅಚ್ಚುಗಳಿರುತ್ತವೆ. ಒಂದು ತನ್ನ ಕಾಲ ಮುಗಿಯುವವರೆಗೆ ಸವೆದು ನಿಲ್ಲುತ್ತದೆ. ಇನ್ನೊಂದು ಅತಿಭಾರ, ಕೆಟ್ಟ ದಾರಿ, ಎಣ್ಣೆಯಿಲ್ಲದ ಕೀಲು, ಹೊಡೆಯುವವನ ತಪ್ಪುಗಳಿಂದ ನಡುದಾರಿಯಲ್ಲೇ ಮುರಿಯುತ್ತದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಹಂಗಾರ ಬಡಗ್ಯಾರು ಬ್ಯಾಡಂತೀರೇನ್ರಿ?” ಎಂದರು.

“ಬೇಕೇ ಬೇಕು. ಆದರೆ ದಾರಿ ಹಾಗೇ ಇದ್ದರೆ ಊರಿಗೆ ಎಷ್ಟು ಬಡಗಿಯರು ಬಂದರೂ ಅಚ್ಚು ಮುರಿಯುತ್ತಲೇ ಇರುತ್ತದೆ” ಎಂದೆ.

ಅವರು ಟವೆಲ್ಲನ್ನು ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದವರು ತಿರುಗಿ ನಿಂತರು. “ನಮ್ಮ ಸೊಸಿಗೆ ಐದು ತಿಂಗಳಾತ್ರಿ ಸಾಹೇಬ್ರ. ಇನ್ನೂ ರಕ್ತ ತೋರ್ಸಿಲ್ಲ. ನಾಳಿ ಮುಂಜಾನಿ ಕರ್ಕೊಂಡು ಹೋಗ್ತೇನ್ರಿ.”